ಪಹಣಿ ಹಿಡಿದು ಅಮೆರಿಕದ ಕಾಲೇಜಿಗೆ

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಸೊಸೈಟಿಯಲ್ಲಿ ನಾನು ಲೆಕ್ಕ ಬರೆಯುವವನು. ಬೆಳೆಸಾಲಕ್ಕೆ ಬಂದವರ ಹತ್ತಿರ ಪಹಣಿ ಕೇಳುವುದು, ಬೇಬಾಕಿ ಪತ್ರ ಕೇಳುವುದು, ಒಂದು ಕಾಗದ ಕಡಿಮೆ ಇದ್ದರೂ ನಾಳೆ ಬನ್ನಿ ಅನ್ನುವುದು ನನ್ನ ಕೆಲಸ. ಹಾಗಾಗಿ ಮಗಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತೇನೆ ಅಂದಾಗ ಅರ್ಜಿಯ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ, ಹಣದ ಬಗ್ಗೆ ಇತ್ತು. ಹಣ ಬೇಕು ಅಂತ ಹೇಳಲಿಕ್ಕೇ ಅಲ್ಲಿ ಬೇರೊಂದು ಅರ್ಜಿ ಇದೆ, ಅದನ್ನು ತುಂಬಬೇಕಾದವಳು ಅವಳಲ್ಲ ನಾನು ಅನ್ನುವುದು ತಿಳಿದದ್ದು ಆಮೇಲೆ.

ಇದು 2023–24ರ ಮಾತು. ಮಗಳು ಎರಡನೇ ಪಿಯುಸಿ, ಪಿಸಿಎಂಬಿ. ಗಣಿತ ಅಂದರೆ ಜೀವ. ಅಷ್ಟೇ ಜೀವ ಕೆಳದಿ, ಇಕ್ಕೇರಿ, ಬಳ್ಳಿಗಾವಿ ಕಡೆಯ ವೀರಗಲ್ಲು, ಮಾಸ್ತಿಕಲ್ಲುಗಳ ಮೇಲೆ. ರಜೆಯಲ್ಲಿ ಊರೂರು ಸುತ್ತಿ ಗದ್ದೆ ಬದುವಿನಲ್ಲಿ ಬಿದ್ದ ಕಲ್ಲುಗಳ ಚಿತ್ರ ಬರೆದುಕೊಂಡು ಬರುತ್ತಿದ್ದಳು. ನಮ್ಮ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು ಇತಿಹಾಸಕ್ಕೆ ಕೈಮುಗಿದು ಹೊರಡಬೇಕು. ಎರಡನ್ನೂ ಒಟ್ಟಿಗೆ ಓದುವ ಜಾಗ ಎಲ್ಲಿದೆ ಅಂತ ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು. ಇಡೀ ಕಾಲೇಜಿನಲ್ಲಿ ಎರಡು ಸಾವಿರದ ಆಸುಪಾಸು ಮಕ್ಕಳು, ಬಹುತೇಕ ಎಲ್ಲರೂ ಪದವಿಯವರೇ. ಮೇಷ್ಟರುಗಳೇ ಪಾಠ ಮಾಡುತ್ತಾರೆ. ಮೊದಲೆರಡು ವರ್ಷ ಇಂಥದ್ದೇ ವಿಷಯ ಅಂತ ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ. ಗಣಿತ ಮತ್ತು ಇತಿಹಾಸ ಎರಡರಲ್ಲೂ ಪದವಿ ಪಡೆಯಲಿಕ್ಕೆ ಅಡ್ಡಿಯಿಲ್ಲ.

ನಮ್ಮ ಅಣ್ಣಯ್ಯನಿಗೆ ಇದನ್ನು ಹೇಳಿದಾಗ ಅವನು ಕವಳದ ಸಂಚಿಯಿಂದ ತಲೆಯೆತ್ತದೆ, “ಅಂದ್ರೆ ಬಿ.ಎ. ಅಲ್ದಾ? ಸಾಗರದಲ್ಲೇ ಇದ್ಯಲ ಮಾರಾಯ” ಅಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಅಮೆರಿಕಕ್ಕೆ ಹೋದವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ. ಪಿಯುಸಿ ಮುಗಿಸಿ ನೇರ ಪದವಿಗೇ ಹೋದವರನ್ನು, ಅದೂ ಹೆಸರೇ ಕೇಳದ ಕಾಲೇಜಿಗೆ ಹೋದವರನ್ನು, ನಾನೂ ನೋಡಿರಲಿಲ್ಲ.

ಖರ್ಚು ನೋಡಿದ ದಿನ ಈ ಮಾತು ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಶುಲ್ಕ, ವಸತಿ, ಊಟ, ಪುಸ್ತಕ ಸೇರಿ ವರ್ಷಕ್ಕೆ ಎಪ್ಪತ್ತೈದರಿಂದ ಎಂಬತ್ತೈದು ಸಾವಿರ ಡಾಲರ್. ಆಗ ಡಾಲರಿಗೆ 83 ರೂಪಾಯಿ. ಎಂಬತ್ತು ಸಾವಿರ ಅಂತ ಹಿಡಿದರೆ 66 ಲಕ್ಷ, ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿಯ ಮೇಲೆ. ನಮ್ಮ ತೋಟ, ಮನೆ, ಕೊಟ್ಟಿಗೆ ಎಲ್ಲ ಮಾರಿದರೂ ಆ ಅಂಕಿ ಮುಟ್ಟುವುದು ಅನುಮಾನ. ಮಗಳು ನಕ್ಕಳು. “ಅಪ್ಪಾ, ಅದು ಅಂಗಡಿ ಮುಂದೆ ಬರ್ದಿರೋ ರೇಟು. ಅಷ್ಟು ಕೊಡೋಕಾಗ್ದೆ ಇರೋರೂ ಓದ್ತಾರೆ” ಅಂದಳು.

ಅವಳು ತೋರಿಸಿದ ಲೆಕ್ಕ ಹೀಗಿತ್ತು. ನಮ್ಮಲ್ಲಿ ಸ್ಕಾಲರ್‌ಶಿಪ್ಪಿಗೆ ಒಂದು ನಿಗದಿ ಮೊತ್ತ ಇರುತ್ತದೆ. ಇಷ್ಟು ಅಂಕ, ಈ ವರ್ಗ, ಇಷ್ಟರೊಳಗೆ ಆದಾಯ ಅಂದರೆ ಇಷ್ಟು ದುಡ್ಡು. ಅಲ್ಲಿ ಎರಡು ದಾರಿ. ಒಂದು, ಹುಡುಗಿ ಬೇಕು ಅನ್ನಿಸಿ ಕಾಲೇಜೇ ಶುಲ್ಕದಲ್ಲಿ ಬಿಡುವ ಭಾಗ. ಇನ್ನೊಂದು, ಒಟ್ಟು ಖರ್ಚಿನಲ್ಲಿ ಮನೆಯವರು ಕೊಡಬಲ್ಲದ್ದನ್ನು ಕಳೆದು ಉಳಿದದ್ದನ್ನು ತುಂಬಿಕೊಡುವುದು. ಈ ಎರಡನೆಯದರಲ್ಲಿ ಮೊತ್ತ ಅಂತ ಮೊದಲೇ ಇರುವುದಿಲ್ಲ, ಅದು ಮನೆಮನೆಗೂ ಬೇರೆ. ಮನೆಯವರು ಎಷ್ಟು ಕೊಡಬಲ್ಲರು ಅನ್ನುವುದನ್ನು ತೀರ್ಮಾನಿಸುವವರು ಮನೆಯವರಲ್ಲ, ಕಾಲೇಜಿನವರು.

ಇಷ್ಟು ದುಡ್ಡು ಅವರಿಗೆ ಎಲ್ಲಿಂದ ಬರುತ್ತದೆ ಅನ್ನುವುದು ಸೊಸೈಟಿಯವನಾದ ನನ್ನ ಮೊದಲ ಪ್ರಶ್ನೆ. ಬಹುಪಾಲು ದತ್ತಿ ನಿಧಿಯಿಂದ. ಅಯೋವಾ ರಾಜ್ಯದ ಜೋಳದ ಹೊಲಗಳ ನಡುವೆ ಗ್ರಿನೆಲ್ ಅಂತ ಒಂದು ಕಾಲೇಜಿದೆ. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ರಾಬರ್ಟ್ ನಾಯ್ಸ್ ಅಲ್ಲೇ ಓದಿದವರು, ಮುಂದೆ ಅಲ್ಲಿನ ಟ್ರಸ್ಟಿಯೂ ಆದರು. 1968ರಲ್ಲಿ ಇಂಟೆಲ್ ಶುರುವಾಗುವಾಗಲೇ ಕಾಲೇಜು ಅದರಲ್ಲಿ ಹಣ ತೊಡಗಿಸಿತ್ತು. ಷೇರು ಹೂಡಿಕೆಯಲ್ಲಿ ಹೆಸರಾದ ವಾರನ್ ಬಫೆಟ್ ಕೂಡ ಅಲ್ಲಿ ಟ್ರಸ್ಟಿಯಾಗಿದ್ದವರು. ಒಂದು ಸಣ್ಣ ಊರಿನ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಇಂಥವರು ಕೂತರೆ ನಿಧಿ ಬೆಳೆಯದೆ ಏನು ಮಾಡೀತು! ನಮ್ಮ ಸೊಸೈಟಿ ನಿರ್ದೇಶಕರ ಸಭೆ ನೆನಪಾಗಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕೆಂಟಕಿಯ ಬೆರಿಯಾ ಕಾಲೇಜಿನದು ಇನ್ನೊಂದು ರೀತಿ. ಅಲ್ಲಿ ಬೋಧನಾ ಶುಲ್ಕವೇ ಇಲ್ಲ, ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಾಲೇಜಿನಲ್ಲಿ ಕೆಲಸ ಮಾಡಬೇಕು. ಮಿನೆಸೋಟದ ಮೆಕಾಲಿಸ್ಟರ್ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಓದಿದ ಕಾಲೇಜು, ಹೊರದೇಶದ ಮಕ್ಕಳನ್ನು ಹಿಂದಿನಿಂದಲೂ ಸೇರಿಸಿಕೊಂಡು ಬಂದದ್ದು.

ಈ ಹೆಸರುಗಳನ್ನೆಲ್ಲ ಮಗಳು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಳು. ಪಕ್ಕದಲ್ಲಿ ಎರಡು ಬಣ್ಣದ ಗುರುತು. ಕೆಂಪು ಇದ್ದವು ಹೊರದೇಶದವರು ಹಣದ ನೆರವು ಕೇಳಿದರೆ ಅದನ್ನೂ ನೋಡಿಯೇ ಸೀಟು ಕೊಡುವ ಕಾಲೇಜುಗಳು. ಹಸಿರು ಇದ್ದವು ಹಣದ ವಿಷಯ ನೋಡದೆ ಮೊದಲು ಸೀಟು ತೀರ್ಮಾನಿಸುವಂಥವು. ಹಸಿರು ಬೆರಳೆಣಿಕೆಯಷ್ಟು. ಸಣ್ಣ ಕಾಲೇಜುಗಳ ಪೈಕಿ ಆ್ಯಮ್‌ಹರ್ಸ್ಟ್, 2022ರಿಂದ ಬೋಡನ್. ಅಲ್ಲಿ ಪೈಪೋಟಿ ಎಷ್ಟಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಮಿಕ್ಕವೆಲ್ಲ ಕೆಂಪು. ಅಂದರೆ ಹೆಚ್ಚು ಹಣ ಕೇಳಿದಷ್ಟೂ ಸೀಟು ದೂರ, ಕಡಿಮೆ ಕೇಳಿದರೆ ಸೀಟು ಸಿಕ್ಕಿಯೂ ಸೇರಲಾರದ ಸ್ಥಿತಿ. ಊರಿನ ಜನ “ಒಳ್ಳೆ ಮಾರ್ಕ್ಸ್ ಇದೆಯಲ್ಲ, ಸ್ಕಾಲರ್‌ಶಿಪ್ ಸಿಗುತ್ತೆ ಬಿಡಿ” ಅಂದಾಗಲೆಲ್ಲ ಈ ಕೆಂಪು ಗುರುತನ್ನು ವಿವರಿಸಬೇಕು ಅನ್ನಿಸಿ, ವಿವರಿಸಲಾಗದೆ ಹೌದು ಹೌದು ಅನ್ನುತ್ತಿದ್ದೆ.

ಶಿವಮೊಗ್ಗದಲ್ಲಿ ಒಬ್ಬ ಸಲಹೆಗಾರ ಎರಡು ಲಕ್ಷಕ್ಕೆ ‘ಪೂರ್ತಿ ಸ್ಕಾಲರ್‌ಶಿಪ್ ಗ್ಯಾರಂಟಿ’ ಅಂದ. ಬೇರೆಯವರ ಖಜಾನೆಗೆ ಗ್ಯಾರಂಟಿ ಕೊಡುವವರನ್ನು ನಾನು ನಂಬುವುದಿಲ್ಲ. ಅಮೆರಿಕ ಸರ್ಕಾರದ್ದೇ ಎಜುಕೇಷನ್‌ಯುಎಸ್‌ಎ ಅಂತ ಒಂದು ಮಾಹಿತಿ ವ್ಯವಸ್ಥೆ ಇದೆ, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಅವರ ಆನ್‌ಲೈನ್ ಸಭೆಗಳಲ್ಲಿ ಮಗಳು ಕೂತಳು, ಸಾಕಾಯಿತು.

ಪ್ರವೇಶದ ಅರ್ಜಿಗೆ ಕಾಮನ್ ಆ್ಯಪ್ ಅಂತ ಒಂದೇ ಜಾಲತಾಣ. ಪ್ರತಿವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಒಂಬತ್ತನೇ ತರಗತಿಯಿಂದ ಹಿಡಿದು ನಾಲ್ಕು ವರ್ಷದ ಅಂಕಪಟ್ಟಿ ಬೇಕು. ಅಮೆರಿಕದಲ್ಲಿ ಆ ನಾಲ್ಕೂ ವರ್ಷ ಒಂದೇ ಶಾಲೆ. ನಮ್ಮಲ್ಲಿ ಹೈಸ್ಕೂಲು ಬೇರೆ, ಪಿಯು ಕಾಲೇಜು ಬೇರೆ, ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಸಾಲದ್ದಕ್ಕೆ ಅವಳ ಒಂಬತ್ತನೇ ತರಗತಿ ಕೋವಿಡ್ ವರ್ಷ, 2020–21. ವಾರ್ಷಿಕ ಪರೀಕ್ಷೆಯೇ ನಡೆಯದೆ ಪಾಸಾದ ಮಕ್ಕಳು ಅವರು. ಹೈಸ್ಕೂಲಿನ ಹೆಡ್‌ಮಾಸ್ತರರು ಪಾಪ, ಶಾಲೆಯ ಲೆಟರ್‌ಹೆಡ್ಡಿನಲ್ಲಿ ಇದನ್ನೆಲ್ಲ ವಿವರಿಸಿ, ಗುಂಡು ಮೊಹರು, ಉದ್ದ ಮೊಹರು ಎರಡೂ ಒತ್ತಿಕೊಟ್ಟರು.

ಪಿಯು ಕಾಲೇಜಿನಲ್ಲಿ ಬೇರೆ ಫಜೀತಿ. ಕೌನ್ಸೆಲರ್ ಒಬ್ಬರು ವಿದ್ಯಾರ್ಥಿಯ ಬಗ್ಗೆ ವರದಿ ಕೊಡಬೇಕು, ಕಾಲೇಜಿನ ಪರಿಚಯಪತ್ರ ಲಗತ್ತಿಸಬೇಕು, ಇಬ್ಬರು ಮೇಷ್ಟರು ಶಿಫಾರಸು ಬರೆಯಬೇಕು, ಎಲ್ಲ ಅವರವರ ಇ-ಮೇಲ್‌ನಿಂದಲೇ ಹೋಗಬೇಕು. ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟು, “ಕೌನ್ಸೆಲರ್ ಅಂದ್ರೆ ನಮ್ಮಲ್ಲಿ ನಾನೇ, ಪಿ.ಟಿ. ಮೇಷ್ಟ್ರೂ ನಾನೇ, ನೀರಿನ ಟ್ಯಾಂಕ್ ತುಂಬ್ತಾ ನೋಡೋನೂ ನಾನೇ” ಅಂದರು. ಆದರೆ ಬರೆದರು. ಗಣಿತದ ಮೇಡಂ ಬರೆದ ಶಿಫಾರಸನ್ನು ನಮಗೆ ತೋರಿಸುವ ಹಾಗಿರಲಿಲ್ಲ. ಅದನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ವಿದ್ಯಾರ್ಥಿ ಮೊದಲೇ ಒಪ್ಪಿಕೊಳ್ಳುವುದು ರೂಢಿ, ಆಗಲೇ ಆ ಪತ್ರಕ್ಕೆ ಬೆಲೆ. ಇವತ್ತಿಗೂ ಅದರಲ್ಲಿ ಏನಿತ್ತು ಅಂತ ನಮಗೆ ಗೊತ್ತಿಲ್ಲ. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಬಹಳ ಕಾಲೇಜುಗಳು ಕಡ್ಡಾಯ ಮಾಡಿರಲಿಲ್ಲ, ಆದರೂ ಮಲೆನಾಡಿನ ಪಿಯು ಅಂಕ ಅವರಿಗೆ ಏನು ಹೇಳೀತು ಅಂತ ಬೆಂಗಳೂರಿಗೆ ಹೋಗಿ ಬರೆದು ಬಂದಳು. ಇಂಗ್ಲಿಷಿಗೆ ಡುವೊಲಿಂಗೊ ಪರೀಕ್ಷೆ, ಮನೆಯಲ್ಲೇ ಕೂತು ಬರೆಯುವಂಥದ್ದು. ಆ ದಿನ ಕರೆಂಟು ಹೋಗದಿರಲಿ ಅಂತ ಅವಳಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು.

ಇನ್ನು ಪ್ರಬಂಧ. 650 ಪದ ಮೀರಬಾರದು. ಮೊದಲು ಅವಳು ಬರೆದದ್ದು ವೀರಗಲ್ಲುಗಳ ಬಗ್ಗೆ. ಚೆನ್ನಾಗಿತ್ತು, ಆದರೆ ಮ್ಯೂಸಿಯಮ್ಮಿನ ಫಲಕದ ಹಾಗಿತ್ತು, ಅವಳೇ ಹರಿದಳು. ಆಮೇಲೆ ಬರೆದದ್ದು ಅಡಿಕೆ ಸುಲಿಯುವ ಲೆಕ್ಕದ ಪುಸ್ತಕದ ಬಗ್ಗೆ. ಕೊಯ್ಲಿನ ಕಾಲದಲ್ಲಿ ನಮ್ಮ ಜಗಲಿಯಲ್ಲಿ ರಾತ್ರಿ ಊರಿನ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲಿಕ್ಕೆ ಕೂರುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು ಅಂತ ಬರೆಯುವ ಕೆಲಸ ಐದನೇ ಕ್ಲಾಸಿನಿಂದಲೂ ಅವಳದು. ಒಂದು ವರ್ಷ ಡಬ್ಬಕ್ಕೆ ಕೊಡುವ ಕೂಲಿ ಏರದೆ ಅಡಿಕೆಯ ದರ ಏರಿತ್ತು. ಅದನ್ನು ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಎಳೆದು ತೋರಿಸಿ ದೊಡ್ಡಪ್ಪನ ಹತ್ತಿರ ಜಗಳ ತೆಗೆದಿದ್ದಳು. ಕೂಲಿ ಏರಿತು ಕೂಡ. ಇದನ್ನು ನಾನು ಮರೆತೇಬಿಟ್ಟಿದ್ದೆ. ಪ್ರಬಂಧ ಓದಿದ ಮೇಲೆ ಅಟ್ಟ ಹತ್ತಿ ಹಳೇ ಪುಸ್ತಕ ಹುಡುಕಿ ನೋಡಿದೆ, ಗೆರೆ ಇತ್ತು. ಇನ್ನೊಂದು ಸಮಾಧಾನ ಅಂದರೆ ಚಟುವಟಿಕೆಗಳ ಪಟ್ಟಿಯಲ್ಲಿ ‘ಮನೆಯ ಜವಾಬ್ದಾರಿ’ ಅಂತಲೇ ಒಂದು ವಿಭಾಗ ಇದೆ. ಪಿಯಾನೊ, ಕುದುರೆ ಸವಾರಿ ಇಲ್ಲದವರೂ ಏನನ್ನೋ ಮಾಡಿರುತ್ತಾರೆ ಅನ್ನುವಷ್ಟು ತಿಳಿವಳಿಕೆ ಅರ್ಜಿ ಮಾಡಿದವರಿಗೆ ಇತ್ತು.

ಅವಳ ಭಾಗ ಮುಗಿಯುತ್ತಾ ಬಂದಂತೆ ನನ್ನದು ಶುರುವಾಯಿತು. ಹಣದ ನೆರವು ಕೇಳುವ ಆ ಬೇರೆ ಅರ್ಜಿಯ ಹೆಸರು ಸಿಎಸ್‌ಎಸ್ ಪ್ರೊಫೈಲ್, ಕಾಲೇಜ್ ಬೋರ್ಡ್ ಅನ್ನುವ ಅಮೆರಿಕದ ಸಂಸ್ಥೆಯದು. ಮೊದಲ ಕಾಲೇಜಿಗೆ ಕಳಿಸಲು 25 ಡಾಲರ್, ಆಮೇಲೆ ಒಂದೊಂದಕ್ಕೂ 16. ಹಣವಿಲ್ಲ ಅಂತ ಹೇಳಿಕೊಳ್ಳಲಿಕ್ಕೂ ಹಣ ಕಟ್ಟಬೇಕು! ಕೆಲವು ಕಾಲೇಜುಗಳು ಮಾತ್ರ ಹೊರದೇಶದವರಿಗೆ ಐಎಸ್‌ಎಫ್‌ಎಎ ಅನ್ನುವ ಉಚಿತ ಫಾರಂ ಒಪ್ಪುತ್ತವೆ, ನಾವು ಬರೆದು ಕೇಳಿದಾಗ ಒಂದೆರಡು ಕಡೆ ಒಪ್ಪಿದರು.

ಅಕ್ಟೋಬರಿನ ಒಂದು ಭಾನುವಾರ ಫಾರಂ ತೆರೆದು ಕೂತೆವು. ಹೆಸರು, ಉದ್ಯೋಗ, ಸಂಬಳ ಸಲೀಸು. ಆಮೇಲೆ ಮನೆ. ಕೊಂಡ ವರ್ಷ ಯಾವುದು? ಕೊಟ್ಟ ಬೆಲೆ ಎಷ್ಟು? ಈಗಿನ ಬೆಲೆ ಎಷ್ಟು? ನಮ್ಮ ಮನೆಯನ್ನು ಯಾರೂ ಕೊಂಡಿಲ್ಲ. ಅಜ್ಜ ಕಟ್ಟಿಸಿದ್ದು, ಮರ ನಮ್ಮದೇ ಬೆಟ್ಟದ್ದು. ಅದಕ್ಕೆ ಪೇಟೆಯ ಬೆಲೆ ಅಂತ ಒಂದು ಇದೆಯೋ ಇಲ್ಲವೋ, ಮಾರಲಿಕ್ಕೆ ಹೊರಟವರು ಯಾರು? ಹೋದ ವರ್ಷದ ಆದಾಯ ಅಂತ ಕೇಳಿದ್ದಾರೆ, ಅವರ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮ ಸೊಸೈಟಿಯದು ಏಪ್ರಿಲಿನಿಂದ ಮಾರ್ಚ್. ತೋಟದ್ದು ಎರಡೂ ಅಲ್ಲ. ಕೊಯ್ಲು ಅಕ್ಟೋಬರಿಗೆ ಶುರುವಾದರೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವುದು ಮಾಘ ಮಾಸಕ್ಕೆ, ಮಾರುವುದು ದರ ನೋಡಿಕೊಂಡು. ದರ ಬಿದ್ದರೆ ಅಡಿಕೆ ಅಟ್ಟದ ಮೇಲೇ ಉಳಿಯುತ್ತದೆ, ಮುಂದಿನ ವರ್ಷ ಎರಡೂ ವರ್ಷದ್ದನ್ನು ಒಟ್ಟಿಗೆ ಮಾರಿದರೆ ಆ ಒಂದು ವರ್ಷ ನಾವು ಶ್ರೀಮಂತರ ಹಾಗೆ ಕಾಣುತ್ತೇವೆ. ಅವರು ಕೇಳಿದ ವರ್ಷ ಅಂಥದ್ದೇ ಆಗಿತ್ತು.

ಇದಕ್ಕಿಂತ ದೊಡ್ಡ ಗಂಟು ಪಹಣಿಯಲ್ಲಿತ್ತು. ತೋಟ ನಾಲ್ಕು ಎಕರೆ, ಜಂಟಿ ಖಾತೆ, ಅಣ್ಣಯ್ಯನ ಹೆಸರು ಮೊದಲು, ನನ್ನದು ಆಮೇಲೆ. ಪಾಲಾಗಿಲ್ಲ. ಒಂದೇ ಒಲೆ, ಒಂದೇ ತಿಜೋರಿ. ಅಡಿಕೆ ದುಡ್ಡು ಬರುವುದು ಅಣ್ಣಯ್ಯನ ಖಾತೆಗೆ, ಅಲ್ಲಿಂದ ಅಡಿಕೆ ಕೊಯ್ಯುವ ಕೊನೆಗೌಡನ ಕೂಲಿ, ಔಷಧಿ, ಗೊಬ್ಬರ, ಮದುವೆ ಮುಂಜಿ, ಅತ್ತಿಗೆಯ ಮೊಣಕಾಲಿನ ಆಪರೇಷನ್, ನನ್ನ ಮಗಳ ಫೀಸು ಎಲ್ಲ. ನನ್ನದು ಇಷ್ಟು ಅಂತ ಬೇರೆ ಇಟ್ಟು ನೋಡಿದವರೇ ಇಲ್ಲ. ಫಾರಮ್ಮಿಗೆ ಬೇಕಾದದ್ದು ‘ತಂದೆತಾಯಿಯ’ ಆದಾಯ, ‘ತಂದೆತಾಯಿಯ’ ಆಸ್ತಿ. ನಾಲ್ಕೂ ಎಕರೆ ಬರೆದರೆ ನಾವು ಸಾಹುಕಾರರು. ಸಂಬಳ ಮಾತ್ರ ಬರೆದರೆ ಸುಳ್ಳು. ಎರಡು ಎಕರೆ ಬರೆಯೋಣ ಅಂದರೆ ಅದನ್ನು ಹೇಳುವ ಒಂದು ಕಾಗದವೂ ನಮ್ಮ ಹತ್ತಿರ ಇಲ್ಲ. ಇನ್ನೊಂದು ತಮಾಷೆ ಅಂದರೆ, ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ. ತೆರಿಗೆ ಕಾಗದ ತೋರಿಸಿ ಅಂದವರಿಗೆ ತೋಟದ್ದೇ ಆದ ತೆರಿಗೆ ಕಾಗದ ಇರುವುದಿಲ್ಲ ಅಂತ ವಿವರಿಸಬೇಕು.

“ಭಾವನವರ ಹತ್ರ ಈ ಮಾತು ತೆಗೀಬೇಡಿ. ಮಗಳನ್ನು ನೆಪ ಮಾಡ್ಕೊಂಡು ಪಾಲು ಕೇಳ್ತಿದ್ದಾರೆ ಅಂತ ಆಗುತ್ತೆ” ಅಂದಳು ಹೆಂಡತಿ. ನನಗೂ ಅದೇ ಅಳುಕು. ಸೊಸೈಟಿಯಲ್ಲಿ ಕೂತು ಎಷ್ಟೋ ಮನೆಯ ಅಣ್ಣತಮ್ಮಂದಿರು ಒಂದು ಸಹಿಗಾಗಿ ಮಾತು ಬಿಟ್ಟದ್ದನ್ನು ನೋಡಿದವನು ನಾನು.

ಕೊನೆಗೆ ತೆಗೆದವಳು ಮಗಳೇ. ಊಟಕ್ಕೆ ಕೂತಾಗ, “ದೊಡ್ಡಪ್ಪ, ಈ ಮನೇಲಿ ನಂಗೆ ಅಂತ ಎಷ್ಟು ದುಡ್ಡಿದೆ?” ಅಂದಳು. ಅತ್ತಿಗೆಯ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. ಅಣ್ಣಯ್ಯ ನನ್ನ ಕಡೆ ನೋಡಿದ. ಅವಳು ಫಾರಂ ಏನು ಕೇಳುತ್ತಿದೆ, ಯಾಕೆ ಕೇಳುತ್ತಿದೆ ಅಂತ ಬಿಡಿಸಿ ಹೇಳಿದಳು. ಅವನು ಮಜ್ಜಿಗೆ ಅನ್ನ ಮುಗಿಸುವವರೆಗೆ ಮಾತಾಡಲಿಲ್ಲ. ಕೈತೊಳೆದು ಬಂದು, “ಅವ್ರಿಗೆ ಹಿಸ್ಸೆ ಪತ್ರ ಬೇಕಾ?” ಅಂತ ನನ್ನನ್ನೇ ಕೇಳಿದ. ಬೇಡ, ನಮ್ಮ ಮನೆ ಹೇಗೆ ನಡೆಯುತ್ತದೆ ಅಂತ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕಾಗಬಹುದು ಅಂದೆ. “ಹಾಂಗಾದ್ರೆ ಇದ್ದಿದ್ದು ಇದ್ದಾಂಗೆ ಬರಿ. ಸಾಲನೂ ಬರಿ” ಅಂದ.

ಆ ಪತ್ರ ಒಂದೂವರೆ ಪುಟ ಆಯಿತು. ತೋಟ ಎಷ್ಟು, ಪಹಣಿಯಲ್ಲಿ ಯಾರ ಹೆಸರು, ಒಂದೇ ಖಾತೆಯಿಂದ ಎಷ್ಟು ಜನ ಉಣ್ಣುತ್ತಾರೆ, ಸೊಸೈಟಿಯ ಸಾಲ ಎಷ್ಟು ಬಾಕಿ, ಆ ಹಿಂದಿನ ಮಳೆಗಾಲದಲ್ಲಿ ಕೊಳೆ ರೋಗ ಬಂದು ಎಷ್ಟು ಕಾಯಿ ಉದುರಿತು, ಕೇಳಿದ ವರ್ಷದ ಆದಾಯದಲ್ಲಿ ಎರಡು ವರ್ಷದ ಫಸಲು ಸೇರಿದೆ, ಮಾರಾಟದ ರಸೀದಿ ಜೊತೆಗಿದೆ. ಪಾಲು ಮಾಡಿದರೆ ಕಾನೂನಿನ ಪ್ರಕಾರ ಅರ್ಧ ನನ್ನದು, ಆದರೆ ಪಾಲು ಮಾಡುವ ಉದ್ದೇಶ ಇಬ್ಬರಿಗೂ ಇಲ್ಲ. ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಪಹಣಿ, ನಾಡಕಚೇರಿಯ ಆದಾಯ ಪತ್ರ, ಸಾಲದ ಖಾತೆಯ ಪ್ರತಿ, ಎಲ್ಲಕ್ಕೂ ಅನುವಾದ ಸೇರಿಸಿದೆವು. ಫಾರಮ್ಮಿನಲ್ಲಿ ಅರ್ಧ ತೋಟ, ಅರ್ಧ ಆದಾಯ, ಅರ್ಧ ಸಾಲ ಬರೆದು, ವಿಶೇಷ ಪರಿಸ್ಥಿತಿ ಅನ್ನುವ ಜಾಗದಲ್ಲಿ ‘ಪತ್ರ ನೋಡಿ’ ಅಂದೆವು. ತಂದೆತಾಯಿ ವರ್ಷಕ್ಕೆ ಎಷ್ಟು ಕೊಡಬಲ್ಲರು ಅನ್ನುವ ಪ್ರಶ್ನೆಗೆ ಮೂರು ಸಾವಿರ ಡಾಲರ್ ಅಂತ ಹಾಕುವ ಮೊದಲು ಅಣ್ಣಯ್ಯನನ್ನು ಇನ್ನೊಂದು ಸಲ ಕೇಳಿದೆ. ಸೊಸೈಟಿಗೆ ಬರುವ ಎಷ್ಟೋ ಅರ್ಜಿಗಳಲ್ಲಿ ಆದಾಯದ ಕಲಮಿನಲ್ಲಿ ಬಾಯಿಗೆ ಬಂದ ಅಂಕಿ ಇರುತ್ತದೆ, ನಾನೂ ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ತಳ್ಳುತ್ತೇನೆ. ಇಲ್ಲಿ ಹಾಗೆ ಮಾಡಲಿಕ್ಕೆ ಮನಸ್ಸು ಬರಲಿಲ್ಲ. ನಮ್ಮ ಮನೆಯ ಲೆಕ್ಕವನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ, ನಾವೇ ಕೇಳಿಕೊಂಡಿರಲಿಲ್ಲ.

ಒಂದು ಕಾಲೇಜಿಗೆ ನವೆಂಬರಿನಲ್ಲೇ ‘ಸಿಕ್ಕರೆ ಬಂದೇ ಬರುತ್ತೇನೆ’ ಅನ್ನುವ ಕರಾರಿನ ಮೇಲೆ ಹಾಕಿದ್ದಳು. ನೆರವು ಸಾಲದಿದ್ದರೆ ಆ ಕರಾರಿನಿಂದ ಬಿಡಿಸಿಕೊಳ್ಳಬಹುದು. ಡಿಸೆಂಬರ್ ನಡುವೆ ಇಲ್ಲ ಅಂತ ಬಂತು. ಒಂದು ದಿನ ಮಾತಾಡಲಿಲ್ಲ, ಮಾರನೇ ದಿನ ಸುಲಿತದ ಲೆಕ್ಕ ಬರೆಯಲಿಕ್ಕೆ ಕೂತಳು. ಜನವರಿಯ ಗಡುವಿಗೆ ಮಿಕ್ಕವಕ್ಕೆಲ್ಲ ಕಳಿಸಿದಳು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೂ ಹಾಕಿದಳು. ಸರ್ಜಾಪುರದ ಕಡೆ ಇರುವ ಆ ಕ್ಯಾಂಪಸ್ಸಿನಲ್ಲೂ ಪದವಿ ಮಕ್ಕಳು ಹಲವು ವಿಷಯ ಸೇರಿಸಿ ಓದುತ್ತಾರೆ, ಮನೆಯ ಆದಾಯ ನೋಡಿ ಶುಲ್ಕ ವಿನಾಯಿತಿಯೂ ಇದೆ. ನನ್ನ ಮನಸ್ಸು ನಿಜ ಹೇಳಬೇಕೆಂದರೆ ಅಲ್ಲೇ ಇತ್ತು. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮಗಳ ಮುಖ ನೋಡಬಹುದು.

ಮಾರ್ಚ್ ಕೊನೆಗೆ ಫಲಿತಾಂಶ. ಅಲ್ಲಿ ಸಂಜೆ ಅಂದರೆ ಇಲ್ಲಿ ಬೆಳಗಿನ ಜಾವ. ಪಿಯುಸಿ ಪರೀಕ್ಷೆ ಮುಗಿಸಿ ಸುಸ್ತಾದವಳು ಅಲಾರಂ ಇಟ್ಟು ನಾಲ್ಕೂವರೆಗೆ ಏಳುವಳು. ಹಸಿರು ಗುರುತಿನವು ಎರಡೂ ಇಲ್ಲ ಅಂದವು. ಒಂದು ಕಡೆ ಕಾಯುವವರ ಪಟ್ಟಿ. ಇನ್ನೊಂದು ಕಡೆ ಸೀಟು ಇದೆ, ಹಣ ಇಲ್ಲ. ಒಂದು ರೂಪಾಯಿಯ ನೆರವಿಲ್ಲದ ಆ ಅಭಿನಂದನಾ ಪತ್ರವನ್ನು ಅತ್ತಿಗೆ ಮಾತ್ರ ಎರಡೆರಡು ಸಲ ಓದಿಸಿಕೊಂಡರು. ಕೊನೆಗೆ ಅಮೆರಿಕದ ನಡುಭಾಗದ ಒಂದು ಸಣ್ಣ ಕಾಲೇಜಿನಿಂದ ಬಂತು. ಒಟ್ಟು ಖರ್ಚು 74,000 ಡಾಲರ್. ಕಾಲೇಜಿನ ಸ್ಕಾಲರ್‌ಶಿಪ್ 30,000. ಅಗತ್ಯ ನೋಡಿ ಕೊಡುವ ನೆರವು 34,500. ಕ್ಯಾಂಪಸ್ಸಿನಲ್ಲೇ ಕೆಲಸ ಮಾಡಿ ದುಡಿಯಬಹುದಾದದ್ದು 2,500. ಉಳಿದದ್ದು 7,000. ಮಗಳು ಕುಣಿದಳು. ನಾನು ಕೂಡಿ ಕಳೆದು ನೋಡಿದೆ. ಏಳು ಸಾವಿರ ಅಂದರೆ ಐದು ಲಕ್ಷದ ಎಂಬತ್ತು ಸಾವಿರ, ಪ್ರತಿವರ್ಷ. ನಾವು ಬರೆದದ್ದು ಅದರ ಅರ್ಧಕ್ಕೂ ಕಡಿಮೆ.

ಕೊಟ್ಟದ್ದು ಸಾಲದು ಅಂತ ಮತ್ತೆ ಕೇಳುವುದು ನಮ್ಮ ಜಾಯಮಾನಕ್ಕೆ ಒಗ್ಗುವುದಿಲ್ಲ. ಇಷ್ಟು ದೊಡ್ಡ ಮೊತ್ತ ಬಿಟ್ಟವರ ಹತ್ತಿರ ಇನ್ನೂ ಬಿಡಿ ಅನ್ನುವುದು ಹೇಗೆ? ಮಗಳು, “ಕೇಳೋದಕ್ಕೆ ಅವ್ರೇ ಒಂದು ಫಾರಂ ಇಟ್ಟಿದ್ದಾರೆ, ಅಂದ್ರೆ ಕೇಳ್ತಾರೆ ಅಂತ ಗೊತ್ತು” ಅಂದಳು. ಆ ಹೊತ್ತಿಗೆ ಹೊಸ ಫಸಲಿನ ಮಾರಾಟದ ರಸೀದಿ ಬಂದಿತ್ತು, ಕೊಳೆ ರೋಗದ ಪೆಟ್ಟು ಅದರಲ್ಲಿ ಕಾಣುತ್ತಿತ್ತು. ಅದನ್ನು ಲಗತ್ತಿಸಿ ನಾಲ್ಕು ಸಾಲು ಬರೆದೆವು. ಅಡಿಕೆಯನ್ನು ಎರಡು ವರ್ಷ ಇಟ್ಟು ಮಾರುವುದು ಸಾಮಾನ್ಯವೇ ಅಂತ ಅಲ್ಲಿಂದ ಒಬ್ಬರು ತಿರುಗಿ ಕೇಳಿದರು. ನನಗೆ ಖುಷಿಯಾದದ್ದು ಆ ಪ್ರಶ್ನೆಗೆ. ಪತ್ರವನ್ನು ಯಾರೋ ಕೂತು ಓದಿದ್ದಾರೆ! ಉತ್ತರ ಬರೆದೆವು. ಏಪ್ರಿಲ್ ಮೂರನೇ ವಾರ 2,500 ಡಾಲರ್ ಹೆಚ್ಚಿಸಿದರು. ನಮ್ಮ ಪಾಲಿಗೆ 4,500 ಉಳಿಯಿತು, ಮೂರೂಮುಕ್ಕಾಲು ಲಕ್ಷ. ಮೇ 1ರೊಳಗೆ ಹೇಳಬೇಕಿತ್ತು.

ಅಜೀಂ ಪ್ರೇಮ್‌ಜಿಯಲ್ಲೂ ಸೀಟು ಸಿಕ್ಕಿತ್ತು. ಮನೆಯಲ್ಲಿ ನಾಲ್ಕು ದಿನ ನಾಲ್ಕು ಮಾತು. ಅಣ್ಣಯ್ಯ ಮಾತ್ರ, “ಅಷ್ಟು ದೂರದವ್ರು ನಮ್ಮ ತೋಟದ ಲೆಕ್ಕ ನಂಬಿದಾರೆ, ನಾವು ನಮ್ಮ ಕೂಸನ್ನ ನಂಬದಿದ್ರೆ ಹ್ಯಾಂಗೆ?” ಅಂದ. ಬಿ.ಎ. ಮಾತು ಮತ್ತೆ ಎತ್ತಲಿಲ್ಲ.

ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹೋದಾಗ ತೋಟದ ಜಮೀನನ್ನು ಅಡವಾಗಿ ಒಪ್ಪುವುದಿಲ್ಲ ಅಂದರು. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ಮೂರನೆಯವರ ಜಾಮೀನು ಸಾಕು. ಜಾಮೀನು ಅಣ್ಣಯ್ಯನದು. ಅಷ್ಟು ಎರಡು ವರ್ಷಕ್ಕೆ, ಮಿಕ್ಕದ್ದು ತೋಟದಿಂದ. ಆಗಿನ ನಿಯಮದಲ್ಲಿ ಹೊರದೇಶಕ್ಕೆ ವರ್ಷಕ್ಕೆ 7 ಲಕ್ಷದವರೆಗೆ ಕಳಿಸಿದರೆ ಮೂಲದಲ್ಲಿ ತೆರಿಗೆ ಹಿಡಿಯುತ್ತಿರಲಿಲ್ಲ, ನಮ್ಮದು ಅದರೊಳಗೇ ಬಂತು. ಕಾಲೇಜಿನಿಂದ ವೀಸಾಕ್ಕೆ ಬೇಕಾದ ಐ-20 ಅನ್ನುವ ಪತ್ರ ಬಂದ ಮೇಲೆ ಹೊರದೇಶದ ವಿದ್ಯಾರ್ಥಿಗಳ ನೋಂದಣಿಯ ಸೆವಿಸ್ ಶುಲ್ಕ ಆಗ 350 ಡಾಲರ್, ವೀಸಾಕ್ಕೆ 185, ಚೆನ್ನೈಗೆ ಹೋಗಿಬರುವ ಖರ್ಚು. ಸಂದರ್ಶನ ಎರಡು ನಿಮಿಷವೂ ಇರಲಿಲ್ಲವಂತೆ. ಖರ್ಚು ಯಾರು ಕೊಡುತ್ತಾರೆ ಅಂತ ಕೇಳಿದರಂತೆ, “ಕಾಲೇಜು, ಅಪ್ಪ, ದೊಡ್ಡಪ್ಪ” ಅಂದಳಂತೆ.

ಹೊರಡುವ ಮುಂಚೆ ತಿಳಿಯದೆ ಆಮೇಲೆ ತಿಳಿದ ಖರ್ಚುಗಳೂ ಇವೆ. ಆರೋಗ್ಯ ವಿಮೆ ಆ 74,000ದ ಒಳಗೆ ಇರಲಿಲ್ಲ. ಸ್ಕಾಲರ್‌ಶಿಪ್ಪಿನಲ್ಲಿ ಬೋಧನಾ ಶುಲ್ಕಕ್ಕೆ ಹೋಗುವ ಭಾಗಕ್ಕೆ ತೆರಿಗೆ ಇಲ್ಲ, ಊಟ ವಸತಿಗೆ ಹೋಗುವ ಭಾಗಕ್ಕೆ ಹೊರದೇಶದ ವಿದ್ಯಾರ್ಥಿಗಳಿಂದ ಅಲ್ಲಿ ನೂರಕ್ಕೆ 14ರಂತೆ ಹಿಡಿಯುತ್ತಾರೆ. ಭಾರತದ ಜೊತೆಗಿನ ಒಪ್ಪಂದದಿಂದ ನಮ್ಮ ಮಕ್ಕಳಿಗೆ ಅದರಲ್ಲಿ ಒಂದಷ್ಟು ವಿನಾಯಿತಿ ಸಿಗುತ್ತದೆ, ರಿಟರ್ನ್ ಸಲ್ಲಿಸಿದ ಮೇಲೆ. ಕ್ಯಾಂಪಸ್ಸಿನಲ್ಲಿ ಕೆಲಸ ವಾರಕ್ಕೆ 20 ಗಂಟೆ ಮೀರುವ ಹಾಗಿಲ್ಲ. ಅವಳು ಗ್ರಂಥಾಲಯದ ಹಳೇ ಕಾಗದಪತ್ರಗಳ ವಿಭಾಗದಲ್ಲಿ ಹತ್ತು ಗಂಟೆ ಮಾಡುತ್ತಾಳೆ. ಚಳಿಗಾಲದ ಕೋಟು ಅಲ್ಲೇ ಸೀನಿಯರ್ ಒಬ್ಬಳು ಕೊಟ್ಟಳಂತೆ.

ಈಗ ಊರಿನಲ್ಲಿ ಒಬ್ಬಿಬ್ಬರು ಮಕ್ಕಳನ್ನು ಕರೆದುಕೊಂಡು ಸೊಸೈಟಿಗೇ ಬರುತ್ತಾರೆ, ಸಾಲಕ್ಕಲ್ಲ, ಇದನ್ನು ಕೇಳಲಿಕ್ಕೆ. ಅಂಕ ಎಷ್ಟು ಅಂತ ನಾನು ಆಮೇಲೆ ಕೇಳುತ್ತೇನೆ. ಮೊದಲು ಪಹಣಿ ಯಾರ ಹೆಸರಿನಲ್ಲಿದೆ, ಪಾಲಾಗಿದೆಯಾ, ಆಗಿಲ್ಲದಿದ್ದರೆ ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೀರಾ ಅಂತ.

ನಮ್ಮ ಕಾಲೇಜು ಹೊರದೇಶದವರಿಗೆ ಕೊಟ್ಟ ನೆರವನ್ನು ನಾಲ್ಕು ವರ್ಷಕ್ಕೂ ಹಾಗೇ ಇಡುತ್ತದೆ, ಪ್ರತಿವರ್ಷ ಇಡೀ ಫಾರಂ ಮತ್ತೆ ತುಂಬಬೇಕಾಗಿಲ್ಲ. ಆದರೆ ಶುಲ್ಕ ವರ್ಷವರ್ಷವೂ ಏರುತ್ತದೆ, ನೆರವು ಏರುವುದಿಲ್ಲ, ಆ ವ್ಯತ್ಯಾಸ ನಮ್ಮ ತಲೆಗೆ. ಮುಂದಿನ ಕಂತು ಆಗಸ್ಟಿಗೆ ಕಟ್ಟಬೇಕು. ಅಡಿಕೆ ಮಾರು ಅಂತ ನಾನು, ಇನ್ನೊಂದು ಹದಿನೈದು ದಿನ ದರ ನೋಡು ಅಂತ ಅಣ್ಣಯ್ಯ.